ದಡಿ ಮೇಲೆ ಮಾಡಿ ಹೊದ್ದವರು

ಗೊಂದರ್ ಪ್ರಾಂತ, ಇಥಿಯೋಪಿಯಾ
೧೨ ಅಕ್ಟೋಬರ್ ೧೯೭೬

ಗುರುಲಿಂಗವ್ವ ಅಕ್ಕನವರಿಗೆ ರಾಚಪ್ಪನ ಶರಣು.

ನನ್ನ ಅಕ್ಷರ ನೋಡಿದ ಕೂಡಲೇ ನಿಮ್ಮ ಹುಬ್ಬು ಗಂಟಾಗುತ್ತದೆ ಎಂದು ಗೊತ್ತು. ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ. ನಾನು ಇಲ್ಲಿ ಮಾಸ್ತರಿಕೆಗೆ ಬಂದು ಮೂರು ವರ್ಷವಾಯಿತು. ಕರಾರು ಇನ್ನೂ ಮೂರು ವರ್ಷ ಮುಂದುವರಿದಿದೆ. ಮಾದೇವಿಯನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ. ಸಾವಿತ್ರಿ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ತಾಯಿಯ ಅಕ್ಕನಾದ ನಿಮ್ಮ ಹತ್ತಿರ ಬಿಟ್ಟದ್ದು ಆಗ ಸರಿ ಇತ್ತು. ಈಗ ಎಂಟು. ತಂದೆ ಬದುಕಿರುವಾಗ ಅವಳು ಇಳಕಲ್ಲಿನಲ್ಲಿ ನಿಮ್ಮ ಮಗ್ಗದ ಪಕ್ಕ ನೂಲು ಸುತ್ತುತ್ತ ಬೆಳೆಯಬೇಕಾಗಿಲ್ಲ.

ಅವಳ ಜನನ ದಾಖಲೆ ನಿಮ್ಮ ಟ್ರಂಕಿನಲ್ಲಿದೆ. ಪಾಸ್‌ಪೋರ್ಟಿಗೆ ಬೇಕು, ಕಳಿಸಿರಿ.

ಮಾದೇವಿಗೆ ಬೇರೆ ಹಾಳೆ ಇಟ್ಟಿದ್ದೇನೆ, ಇಲ್ಲಿನ ಮಂಗಗಳ ಚಿತ್ರ ಬರೆದಿದ್ದೇನೆ. ಅವಳಿಗೆ ಇದು ನನ್ನ ಹನ್ನೊಂದನೆಯ ಕಾಗದ. ಒಂದಕ್ಕೂ ಉತ್ತರವಿಲ್ಲ. ಎಂಟು ವರ್ಷದ ಹುಡುಗಿಗೆ ನಾಲ್ಕು ಸಾಲು ಬರೆಯಲು ಬಾರದಿದ್ದರೆ ಅಲ್ಲಿನ ಸಾಲೆಯ ಬಗ್ಗೆ ನಾನು ಏನು ತಿಳಿಯಬೇಕು?

ನಾನು ಕೇಳುತ್ತಿಲ್ಲ, ತೀರ್ಮಾನ ತಿಳಿಸುತ್ತಿದ್ದೇನೆ.

ರಾಚಪ್ಪ


ಇಳಕಲ್ಲ
೨೦ ನವೆಂಬರ್ ೧೯೭೬

ರಾಚಪ್ಪ ಮಾಸ್ತರರಿಗೆ,

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಬರೆಯುವುದು ರೂಢಿ. ಬೇಕಿದ್ದರೆ ಆ ಸಾಲನ್ನು ನೀವೇ ಬರೆದುಕೊಂಡು ಓದಿಕೊಳ್ಳಿರಿ.

ತೀರ್ಮಾನ ಮಾಡುವವರು ನೀವು ಯಾವಾಗ ಆದಿರಿ? ನನ್ನ ತಂಗಿ ಬಾದಾಮಿಯಲ್ಲಿ ಜ್ವರ ಬಂದು ಮಲಗಿದ್ದಾಗ ನೀವು ಸಾಲೆಯ ಹುಡುಗರನ್ನು ಕಟ್ಟಿಕೊಂಡು ಗುಡ್ಡ ತೋರಿಸಲು ಹೋಗಿದ್ದಿರಿ. ತೀರ್ಮಾನ ಆವತ್ತು ಮಾಡಬೇಕಿತ್ತು. ಚಕ್ಕಡಿ ಕಟ್ಟಿಸಿ ಅವಳನ್ನು ದವಾಖಾನೆಗೆ ಒಯ್ದವರು ನೆರೆಮನೆಯವರು. ಅವಳನ್ನು ಮಣ್ಣಿಗಿಟ್ಟ ಮರುವರ್ಷ ನೀವು ಸಮುದ್ರ ದಾಟಿದಿರಿ. ಗುಡ್ಡದ ಹುಚ್ಚಿದ್ದವರಿಗೆ ಗುಡ್ಡದ ದೇಶವೇ ಸಿಕ್ಕಿತು, ಚೊಲೋ ಆಯಿತು. ಹುಡುಗಿ ಯಾಕೆ?

ನನಗೆ ಮಕ್ಕಳಿಲ್ಲ, ಗಂಡನೂ ಇಲ್ಲ. ಬಿಳಿ ಸೀರೆ ಉಟ್ಟು ಊರವರ ಮದುವೆಗೆ ಕೆಂಪು ಸೆರಗು ನೇಯುವ ಹೆಂಗಸು ನಾನು. ಈ ಮನೆಯಲ್ಲಿ ಇರುವುದು ಅವಳೊಬ್ಬಳೇ. ಹಗಲೆಲ್ಲ ದೊಡ್ಡವ್ವ ಎನ್ನುತ್ತಾಳೆ, ನಿದ್ದೆಗಣ್ಣಿನಲ್ಲಿ ಅವ್ವ ಎನ್ನುತ್ತಾಳೆ. ಅವಳನ್ನು ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಆದರೂ ತಂದೆಯ ಹಕ್ಕು ಎಂದು ಓಣಿಯಲ್ಲಿ ನಾಲ್ಕು ಮಂದಿ ಮಾತಾಡುತ್ತಾರೆ. ಹೆಣ್ಣು ಕೊಡುವ ಮುಂಚೆ ನಮ್ಮಲ್ಲಿ ಹಿರಿಯರು ಹೋಗಿ ಮನೆ ನೋಡಿ ಬರುತ್ತಾರೆ. ಹಿತ್ತಲು, ಬಾವಿ, ದನದ ಕೊಟ್ಟಿಗೆ ಒಂದೂ ಬಿಡುವುದಿಲ್ಲ. ನಾನು ಅಲ್ಲಿಗೆ ಬರಲಾರೆ, ಆದ್ದರಿಂದ ಕೂತಲ್ಲಿಂದಲೇ ಕೇಳುತ್ತೇನೆ. ನೆಲ ಎಂಥದು? ಚಳಿಯೋ ಸೆಕೆಯೋ? ಏನು ತಿನ್ನುತ್ತಾರೆ? ಕೊರಳಲ್ಲಿ ಲಿಂಗವಿದ್ದ ಹುಡುಗಿ ಯಾರ ಮನೆಯಲ್ಲಿ ಉಣ್ಣಬೇಕು? ಕಾಡುಪ್ರಾಣಿ ಊರೊಳಗೆ ಬರುತ್ತವೆಯೋ? ಹೆಂಗಸರು ಏನು ಉಡುತ್ತಾರೆ? ಜಗಳ ಬಂದರೆ ಬಿಡಿಸುವವರು ಯಾರು? ಒಂದೊಂದಕ್ಕೂ ಉತ್ತರ ಬರಲಿ, ಆಮೇಲೆ ಟ್ರಂಕಿನ ಮಾತು.

ನಿಮಗೆ ಕಾಗದ ಬರೆಯಲು ಹುಡುಗಿಗೆ ಮನಸ್ಸಿಲ್ಲ. ನಾನು ಬಲವಂತ ಮಾಡಲಾರೆ.

ಗುರುಲಿಂಗವ್ವ


ಗೊಂದರ್ ಪ್ರಾಂತ
೨ ಜನವರಿ ೧೯೭೭

ಅಕ್ಕನವರಿಗೆ,

ಮನೆ ನೋಡಲು ಬಂದವರು ಬೈಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದದ್ದು ಇದೇ ಮೊದಲು. ಇರಲಿ. ಮಾದೇವಿಗೆ ಓದಿ ಹೇಳುತ್ತೀರಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಭೂಪಟದಲ್ಲಿ ನೋಡಿದರೆ ಇದು ಸೂರ್ಯನ ನೇರ ಕೆಳಗಿನ ದೇಶ, ನಮ್ಮ ಹುನಗುಂದಕ್ಕಿಂತ ಹೆಚ್ಚು ಸುಡಬೇಕು. ಆದರೆ ನಾನಿರುವ ಊರು ಒಂಬತ್ತು ಸಾವಿರ ಅಡಿ ಎತ್ತರದಲ್ಲಿದೆ. ಮೇ ತಿಂಗಳಲ್ಲಿಯೂ ಕಂಬಳಿ ಬೇಕು. ಬಾದಾಮಿಯ ಗುಡ್ಡವನ್ನು ನನ್ನ ಹುಡುಗರು ಒಂದೇ ಉಸಿರಿಗೆ ಹತ್ತುತ್ತಿದ್ದರು. ಇಲ್ಲಿ ಊರಿನಿಂದ ಒಂದು ದಿನ ನಡೆದರೆ ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಕಾಲ ಕೆಳಗೆ ಮೂರು ಸಾವಿರ ಅಡಿ ಏನೂ ಇಲ್ಲ. ಆಚೆ ಸಾಲು ಸಾಲು ಗುಡ್ಡ, ನೆತ್ತಿ ಸಪಾಟು; ಆ ಸಪಾಟಿನ ಮೇಲೆ ಹೊಲ, ಮನೆ, ಗುಡಿ. ಕೆಳಗಿನ ಕಾವಿನ ಸೀಮೆಯಲ್ಲಿ ಜೋಳ ಬೆಳೆಯುತ್ತಾರೆ, ಮೇಲೆ ಚಳಿಯಲ್ಲಿ ಜವೆಗೋದಿ. ಯಾವ ಊರಿನವ ಎಂದು ಕೇಳಿದರೆ ಇಲ್ಲಿಯ ಜನ ಮೊದಲು ಮೇಲಿನವನೋ ಕೆಳಗಿನವನೋ ಎಂದು ಹೇಳುತ್ತಾರೆ.

ತೆಫ್ ಎಂಬ ಕಾಳು ಇದೆ, ನವಣೆಗಿಂತ ಸಣ್ಣದು. ಹಿಟ್ಟನ್ನು ಮೂರು ದಿನ ಹುಳಿ ಬರಿಸಿ ಅಗಲವಾದ ಹಂಚಿನ ಮೇಲೆ ದೋಸೆಯ ಹಾಗೆ ಹೊಯ್ಯುತ್ತಾರೆ. ಅದರ ಮೇಲೆ ಕಡಲೆ ಹಿಟ್ಟಿನ ಪಲ್ಯ, ಹೆಚ್ಚುಕಡಿಮೆ ನಮ್ಮ ಜುಣಕ. ಗುರೆಳ್ಳಿನ ಹೊಲ ಗುಡ್ಡದ ತುಂಬ ಹಳದಿ ಹೂ ಬಿಡುತ್ತದೆ. ಆಗ ನಿಮ್ಮ ಕೈಯ ಚಟ್ನಿ ನೆನಪಾಗುತ್ತದೆ ಎಂದು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಆಗುತ್ತದೆ. ಮಾಂಸ ತಿನ್ನುವ ಕ್ರೈಸ್ತ ಜನ, ನಿಜ. ಆದರೆ ಬುಧವಾರ ಶುಕ್ರವಾರ, ಮತ್ತೆ ಹಬ್ಬದ ಮುಂಚೆ ಸುಮಾರು ಎರಡು ತಿಂಗಳು, ಹಾಲು ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಮಗುವಿಗೆ ಗುಡಿಯಲ್ಲಿ ಕೊರಳಿಗೆ ದಾರ ಕಟ್ಟಿದರೆ ಸಾಯುವತನಕ ತೆಗೆಯುವುದಿಲ್ಲ. ನನ್ನ ಶಿವದಾರ ನೋಡಿ ಮನೆಯೊಡತಿ ಏನನ್ನೂ ಕೇಳದೆ ನನಗೆ ಬೇರೆ ಪಾತ್ರೆ ತೆಗೆದಿಟ್ಟಳು. ಇವರ ವರ್ಷಕ್ಕೆ ಹದಿಮೂರು ತಿಂಗಳು; ಕೊನೆಯ ತಿಂಗಳಿಗೆ ಐದೇ ದಿನ. ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ, ನಮ್ಮ ಮುಂಜಾನೆಯ ಎಂಟು ಇವರಿಗೆ ಎರಡು. ಮೊದಲ ದಿನ ಗಂಟೆ ತಿಳಿಯದೆ ನಾನು ಸಾಲೆ ಬಿಟ್ಟ ಮೇಲೆ ಪಾಠಕ್ಕೆ ಹೋಗಿದ್ದೆ.

ಪ್ರಾಣಿ. ಇಲ್ಲಿಯ ದೊಡ್ಡ ಮಂಗಗಳು ನೂರಾರು ಕೂಡಿ ಕುಳಿತು ಹುಲ್ಲು ಮೇಯುತ್ತವೆ. ಎದೆಯ ಮೇಲೆ ಕೂದಲಿಲ್ಲದ ಕೆಂಪು ಮಚ್ಚೆ. ಸಂಜೆ ಕಡಿದಾದ ಬಂಡೆ ಇಳಿದು ಅದರ ಸಂದಿಯಲ್ಲಿ ಮಲಗುತ್ತವೆ. ಕೊಂಬು ಬಾಗಿದ ಕಾಡು ಆಡುಗಳಿವೆ. ಎಲುಬನ್ನು ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬಿಟ್ಟು ಒಡೆದು ತಿನ್ನುವ ರಣಹದ್ದಿದೆ. ಕತ್ತೆಕಿರುಬ ಊರಂಚಿಗೆ ಬರುತ್ತದೆ, ಗೋಡೆಯೊಳಗೆ ಬರುವುದಿಲ್ಲ.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಆ ಚಿತ್ರದಲ್ಲಿ ಕಾಫಿ ಬೀಜ ಹುರಿಯುತ್ತಿರುವವಳೇ ಮನೆಯೊಡತಿ ಜೆನೆಬು. ತೆಗೆದವನು ಅವಳ ಮಗ ತಾದೆಸ್ಸೆ, ಹದಿನೇಳು ವರ್ಷದವ, ನನ್ನ ಶಿಷ್ಯ. ಈಗ ದಾಖಲೆ ಕಳಿಸಿರಿ.

ರಾಚಪ್ಪ


ಇಳಕಲ್ಲ
೧೮ ಫೆಬ್ರುವರಿ ೧೯೭೭

ಮಾಸ್ತರರಿಗೆ,

ಗುರೆಳ್ಳು ಬೆಳೆದ ಕೂಡಲೇ ಅದು ನಮ್ಮೂರಾಗುವುದಿಲ್ಲ. ಹುಲ್ಲು ಮೇಯುವ ಮಂಗನ ಸುದ್ದಿಯನ್ನು ಪಕ್ಕದ ಮನೆಯ ಸಕ್ರವ್ವನಿಗೆ ಓದಿ ಹೇಳಿದೆ. "ಹಂಗಾರ ಅಲ್ಲಿ ದನ ಗಿಡ ಹತ್ತತಾವೇನ?" ಎಂದಳು. ಬಿದ್ದು ಬಿದ್ದು ನಕ್ಕೆವು. ಚಿತ್ರ ನೋಡಿದ ಮೇಲೆ ನಗು ನಿಂತಿತು.

ಬಿಳಿ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹದಿನೈದು ವರ್ಷದಿಂದ ಅದನ್ನೇ ಉಟ್ಟಿದ್ದೇನೆ. ತಲೆಯಿಂದ ಕಾಲಿನವರೆಗೆ ಬಿಳಿ ಹೊದ್ದ, ಗಂಡ ಸತ್ತ ಹೆಂಗಸಿನ ಮನೆಯಲ್ಲಿ ನೀವು ಬಿಡಾರ ಮಾಡಿದ್ದೀರಿ. ಅವಳು ನಿಮಗೆ ಬೇರೆ ಪಾತ್ರೆ ತೆಗೆದಿಡುತ್ತಾಳೆ, ನಿಮ್ಮ ಕೊರಳ ದಾರ ನೋಡುತ್ತಾಳೆ. ಉಡಿಕೆ ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಿರಿ. ವಿಧವೆಗೆ ಇನ್ನೊಂದು ಮದುವೆ ಎಂದರೆ ಮೂಗು ಮುರಿಯುವವಳು ನಾನಲ್ಲ. ಆದರೆ ಕದ್ದು ಸಂಸಾರ ಹೂಡಿ, ಅವಳ ಒಲೆ ಊದಲು ನನ್ನ ತಂಗಿಯ ಮಗಳನ್ನು ಕರೆಸುತ್ತೀರಾ? ಸಾವಿತ್ರಿ ಸತ್ತಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ನೀರು ನಾನು ಕಾಣಲಿಲ್ಲ. ಈಗ ಯಾಕೆ ಎಂದು ತಿಳಿಯಿತು.

ಇನ್ನೊಂದು. ಜಗಳ ಬಂದರೆ ಬಿಡಿಸುವವರು ಯಾರು ಎಂದು ಕೇಳಿದ್ದೆ. ಮಂಗ, ಆಡು, ಹದ್ದು ಎಲ್ಲ ಬರೆದು ಅದೊಂದನ್ನು ನುಂಗಿದ್ದೀರಿ.

ಗುರುಲಿಂಗವ್ವ


ಗೊಂದರ್ ಪ್ರಾಂತ
೩೦ ಏಪ್ರಿಲ್ ೧೯೭೭

ಗುರುಲಿಂಗವ್ವನವರಿಗೆ,

ಅಕ್ಕ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ. ಇಲ್ಲಿ ಇಡೀ ದೇಶ ಬಿಳಿ ಹತ್ತಿ ಬಟ್ಟೆ ಉಡುತ್ತದೆ. ಮುತ್ತೈದೆಯರು ಉಡುತ್ತಾರೆ, ಗಂಡಸರು ಹೊದೆಯುತ್ತಾರೆ, ಮದುವಣಗಿತ್ತಿಯೂ ಬಿಳಿಯಲ್ಲೇ ಕೂಡುತ್ತಾಳೆ. ಜೆನೆಬುವಿನ ಗಂಡ ಲಾರಿ ಓಡಿಸುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ. ಇಳಕಲ್ಲಿನ ಓಣಿಯನ್ನೇ ಜಗತ್ತೆಂದು ತಿಳಿದವರಿಗೆ ಭೂಗೋಳ ಕಲಿಸಲು ಹೋದದ್ದು ನನ್ನ ತಪ್ಪು.

ಜಗಳ ಇಲ್ಲಿ ಇಲ್ಲ. ಹಳೆಯ ಅರಸು ಹೋಗಿ ಹೊಸ ಸರಕಾರ ಬಂದಿದೆ, ಅಷ್ಟೆ. ಊರು ಶಾಂತವಾಗಿದೆ. ಮೊನ್ನೆ ಇವರ ದೊಡ್ಡ ಹಬ್ಬವಾಯಿತು. ನಂಬಿಕೆ ಬರಲೆಂದು ಆಗ ಅಂಗಳದಲ್ಲಿ ತೆಗೆದ ಇನ್ನೊಂದು ಚಿತ್ರ ಇಟ್ಟಿದ್ದೇನೆ. ಏಳು ಹೆಂಗಸರು, ಏಳೂ ಮಂದಿ ಬಿಳಿ. ಎಣಿಸಿ ನೋಡಿರಿ, ಏಳೂ ಮಂದಿ ನನ್ನ ಉಡಿಕೆಯವರೇ?

ಹುನಗುಂದದ ಹನಮಂತಪ್ಪ ನಮ್ಮ ಸಾಲೆಯಲ್ಲೇ ಗಣಿತ ಕಲಿಸುತ್ತಾರೆ. ಮಳೆಗಾಲದ ರಜೆಗೆ ಅವರೂ ಅವರ ಹೆಂಡತಿ ಸಿದ್ದಲಿಂಗವ್ವನೂ ಊರಿಗೆ ಬರುತ್ತಾರೆ. ಆಗಸ್ಟ್ ಕೊನೆಗೆ ತಿರುಗಿ ಬರುವಾಗ ಮಾದೇವಿಯನ್ನು ಕರೆತರುತ್ತಾರೆ. ಅಡ್ಡ ಬಂದರೆ ವಕೀಲರ ಕಾಗದ ಬರುತ್ತದೆ.

ರಾಚಪ್ಪ


ಇಳಕಲ್ಲ
೯ ಜೂನ್ ೧೯೭೭

ಮಾಸ್ತರರಿಗೆ,

ಮದುವಣಗಿತ್ತಿಯೂ ಬಿಳಿ ಉಡುತ್ತಾಳೆ ಎಂದು ಓದಿ ಮಗ್ಗದಿಂದ ಎದ್ದು ಹೊರಗೆ ಕಟ್ಟೆಯ ಮೇಲೆ ಕುಳಿತೆ. ನಾನು ಶಿಕ್ಷೆ ಎಂದು ಉಟ್ಟದ್ದನ್ನು ಒಂದು ದೇಶ ಹಬ್ಬಕ್ಕೆ ಉಡುತ್ತದೆ. ಆ ಹೆಂಗಸಿನ ಬಗ್ಗೆ ಆಡಿದ ಮಾತು ತಿರುಗಿ ತೆಗೆದುಕೊಂಡಿದ್ದೇನೆ. ಅವಳಿಗೆ ಹೇಳಿರಿ. ನಿಮಗೆ ಹೇಳಿದ ಮಾತುಗಳು ಹಾಗೇ ಇರಲಿ.

ಈಗ ನನ್ನ ಕಸುಬಿನ ಮಾತು ಕೇಳಿರಿ. ಎರಡೂ ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊದ್ದ ಬಟ್ಟೆಗೆ ಒಂದು ಕಡೆ ಅಂಚಿನಲ್ಲಿ ದಡಿ ಇದೆ, ಕೈಯಿಂದ ನೇಯ್ದದ್ದು, ಗೇಣಿನಷ್ಟು ಅಗಲ, ಚೊಲೋ ಕೆಲಸ. ಮೊದಲಿನ ಚಿತ್ರದಲ್ಲಿ ಜೆನೆಬು ಆ ದಡಿಯನ್ನು ಕೆಳಗೆ ಇಳಿಬಿಟ್ಟಿದ್ದಾಳೆ, ನಾಲ್ಕು ಮಂದಿ ನೋಡಲಿ ಎಂದು. ಎರಡನೆಯದರಲ್ಲಿ ಏಳೂ ಮಂದಿ ಬಟ್ಟೆಯನ್ನು ತಿರುವಿ, ದಡಿ ಮೇಲೆ ಮಾಡಿ, ಗದ್ದಕ್ಕೆ ಒತ್ತಿ ಹೊದ್ದಿದ್ದಾರೆ. ಹಬ್ಬದ ದಿನ ದಡಿಯನ್ನು ಹಾಗೆ ಮುಖಕ್ಕೆ ಒತ್ತಿಕೊಂಡು ನಿಲ್ಲುವ ಹೆಂಗಸರು ಎಲ್ಲಿಯೂ ಇಲ್ಲ. ಒಬ್ಬಳು ಮರೆತಾಳು, ಏಳು ಮಂದಿ ಒಟ್ಟಿಗೆ ಮರೆಯುವುದಿಲ್ಲ. ಒಬ್ಬಳೂ ನಕ್ಕಿಲ್ಲ. ಜೆನೆಬುವನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದಾರೆ.

ಆ ಮನೆಯಲ್ಲಿ ಯಾರು ಸತ್ತರು?

ಗುರುಲಿಂಗವ್ವ


ಇಳಕಲ್ಲ
೨೨ ಆಗಸ್ಟ್ ೧೯೭೭

ಮಾಸ್ತರರಿಗೆ,

ನಿಮ್ಮ ಉತ್ತರ ಬರಲಿಲ್ಲ. ಹನಮಂತಪ್ಪ, ಸಿದ್ದಲಿಂಗವ್ವ ಬಂದಿದ್ದರು. ಆವತ್ತು ಇಲ್ಲಿ ನಡೆದದ್ದನ್ನು ಅವರು ನಿಮಗೆ ಬರೆದೇ ಬರೆಯುತ್ತಾರೆ. ಅದಕ್ಕೆ ಮುಂಚೆ ನಾನೇ ಬರೆಯುತ್ತೇನೆ.

ಚಹಾ ಕುಡಿಯುತ್ತ ಸಿದ್ದಲಿಂಗವ್ವ ಹುಡುಗಿಯನ್ನು ಹತ್ತಿರ ಕರೆದರು. "ನಿಮ್ಮಪ್ಪ ಬರದ ಮಂಗ್ಯಾನ ಚಿತ್ರ ಛಲೋ ಅದಾವಲ್ಲ, ಮಾದೇವಿ?"

"ಯಾವ ಚಿತ್ರರಿ? ನಮ್ಮಪ್ಪ ನನಗ ಏನೂ ಬರಿಯಂಗಿಲ್ಲ," ಎಂದಳು ಹುಡುಗಿ.

ಅವರಿಬ್ಬರೂ ನನ್ನ ಮುಖ ನೋಡಿದರು. ಆಮೇಲೆ ಹುಡುಗಿಯೂ ನೋಡಿದಳು. ನೀವು ಅವಳಿಗೆ ಬರೆದ ಹದಿಮೂರು ಕಾಗದಗಳೂ ನನ್ನ ಟ್ರಂಕಿನಲ್ಲಿದ್ದವು. ಒಂದನ್ನೂ ಕೊಟ್ಟಿರಲಿಲ್ಲ. ನನಗೆ ನೀವು ಬರೆದದ್ದನ್ನೂ ಸಕ್ರವ್ವನಿಗೆ ಓದಿದೆನೇ ಹೊರತು ಅವಳಿಗೆ ಓದಲಿಲ್ಲ. ಆ ಗುಡ್ಡ, ಆ ಪ್ರಾಣಿಗಳನ್ನು ಕಂಡರೆ ಹೋಗುತ್ತೇನೆ ಎನ್ನುತ್ತಾಳೆ ಎಂದು ಹೆದರಿದ್ದೆ. ಎಷ್ಟಾದರೂ ನಿಮ್ಮ ಮಗಳು. ಅವಳೇ ಟ್ರಂಕು ತೆಗೆದು ಎಲ್ಲವನ್ನೂ ಒಂದೇ ದಿನ ಓದಿದಳು. ಹನ್ನೊಂದು ದಿನದಿಂದ ನನ್ನ ಹತ್ತಿರ ಮಾತಾಡಿಲ್ಲ. ಬಡಿಸಿದರೆ ಉಣ್ಣುತ್ತಾಳೆ, ಎದ್ದು ಹೋಗುತ್ತಾಳೆ. ತಪ್ಪು ನನ್ನದು. ನಿಮ್ಮ ಹತ್ತಿರ ಮಾತ್ರ ತಪ್ಪಾಯಿತು ಎನ್ನಲಾರೆ.

ಆ ಮನೆಯಲ್ಲಿ ಸತ್ತವರು ಯಾರು ಎಂದು ಅವರನ್ನು ಕೇಳಿದೆ. ಹನಮಂತಪ್ಪ ಗೋಡೆ ನೋಡಿದರು. ಸಿದ್ದಲಿಂಗವ್ವನ ಕಣ್ಣು ತುಂಬಿತು. "ಅದೊಂದು ಕೇಳಬ್ಯಾಡ್ರಿ ಅಕ್ಕಾರ. ನಾವಂತೂ ತಿರುಗಿ ಹೋಗಾಂಗಿಲ್ಲ," ಎಂದರು. ಶಾಂತವಾದ ಊರು ಬಿಟ್ಟು ಯಾರು ಹಾಗೆ ಓಡಿಬರುತ್ತಾರೆ?

ಹುಡುಗಿಯನ್ನು ಕಳಿಸಿಲ್ಲ.

ಗುರುಲಿಂಗವ್ವ


ಗೊಂದರ್ ಪ್ರಾಂತ
೨೫ ಅಕ್ಟೋಬರ್ ೧೯೭೭

ಗುರುಲಿಂಗವ್ವನವರಿಗೆ,

ಧಾರವಾಡದ ಮಾಸ್ತರರೊಬ್ಬರು ನೌಕರಿ ಬಿಟ್ಟು ಹೊರಟಿದ್ದಾರೆ. ಈ ಪತ್ರವನ್ನು ಮುಂಬೈಯಲ್ಲಿ ಅಂಚೆಗೆ ಹಾಕುತ್ತಾರೆ. ಇಲ್ಲಿ ಹಾಕಿದ ಕಾಗದ ಒಡೆದು ಓದುತ್ತಾರೆ.

ಮೊದಲು ನಿಮ್ಮ ಟ್ರಂಕಿನ ಮಾತು. ನಾಲ್ಕು ವರ್ಷ ನನ್ನ ಮಗಳ ಪಾಲಿಗೆ ನನ್ನನ್ನು ಸಾಯಿಸಿಟ್ಟಿರಿ. ಪ್ರತಿ ಶನಿವಾರ ಅಂಚೆ ಕಚೇರಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದೆ. ಇದನ್ನು ಮರೆಯುತ್ತೇನೆ ಎಂದು ತಿಳಿಯಬೇಡಿರಿ.

ಈಗ ನಿಮ್ಮ ಪ್ರಶ್ನೆ. ಸತ್ತವನು ತಾದೆಸ್ಸೆ. ಏಪ್ರಿಲ್ ಹದಿನೆಂಟರಂದು ಸೈನಿಕರು ಅವನನ್ನು ಮನೆಯಿಂದ ಎಳೆದೊಯ್ದರು. ಸರಕಾರಕ್ಕೆ ಎದುರಾದ ಹುಡುಗರ ಯಾವುದೋ ಸಂಘದಲ್ಲಿ ಹೆಸರಿತ್ತಂತೆ. ಮರುದಿನ ಮುಂಜಾನೆ ಸಾಲೆಗೆ ಹೋಗುವ ದಾರಿಯಲ್ಲಿ ಅವನ ಹೆಣ ಕಂಡವನು ನಾನು. ಇಲ್ಲಿ ಅಂಥವರಿಗಾಗಿ ಅಳುವುದೂ ಅಪರಾಧ. ದನಿ ಬೀದಿಗೆ ಕೇಳಿದರೆ ಮನೆಯವರನ್ನೂ ಒಯ್ಯುತ್ತಾರೆ. ಅದಕ್ಕೇ ನೆರೆಯ ಹೆಂಗಸರು ಬಂದು ದಡಿ ಮೇಲೆ ಮಾಡಿ ಹೊದ್ದು ಅಂಗಳದಲ್ಲಿ ಸುಮ್ಮನೆ ನಿಂತರು. ದುಃಖದ ಮನೆಯಲ್ಲಿ ಇವರು ಹಾಗೆ ಹೊದೆಯುತ್ತಾರೆ. ಜೆನೆಬು ನನ್ನನ್ನು ಕರೆದು ಚಿತ್ರ ತೆಗೆ ಎಂದಳು. ಅಳಲು ಬಿಡಲಿಲ್ಲ, ನಿಂತದ್ದಾದರೂ ಎಲ್ಲಿಯಾದರೂ ಉಳಿಯಲಿ ಎಂದಳು.

ಆ ಚಿತ್ರವನ್ನೇ ನಾನು ನಿಮಗೆ ಹಬ್ಬ ಎಂದು ಕಳಿಸಿದೆ. ಕಾಗದ ಒಡೆಯುತ್ತಾರೆ ಎಂಬುದು ನೆಪ. ನಿಜ ತಿಳಿದರೆ ಹುಡುಗಿಯನ್ನು ಕಳಿಸುವುದಿಲ್ಲ ಎಂದು ಸುಳ್ಳು ಬರೆದೆ. ಒಬ್ಬ ತಾಯಿಯ ಸಂಕಟವನ್ನು ನಿಮ್ಮ ಜೊತೆಗಿನ ಜಗಳ ಗೆಲ್ಲಲು ಬಳಸಿದೆ. ಹೆಣ ಬೀಳುವ ಊರಿಗೆ ಮಗಳನ್ನು ಕರೆಯುತ್ತಿದ್ದೆ, ಒಬ್ಬನೇ ಇರಲು ಹೆದರಿಕೆಯಾಗಿತ್ತು ಎಂಬ ಒಂದೇ ಕಾರಣಕ್ಕೆ. ಹೇಸಿಗೆಯಾಗುತ್ತದೆ.

ಮಾದೇವಿಯನ್ನು ಕಳಿಸಬೇಡಿರಿ.

ನಾನೂ ಬರುವುದಿಲ್ಲ. ಜೆನೆಬುವಿನ ಗಂಡನನ್ನು ಕಳೆದ ತಿಂಗಳು ಸೆರೆಗೆ ಹಾಕಿದರು. ಮನೆಯಲ್ಲಿ ಈಗ ಅವಳೂ ಹದಿನಾಲ್ಕರ ಮಗಳೂ ಇಬ್ಬರೇ. ಪರದೇಶದ ಮಾಸ್ತರನ ಬಿಡಾರ ಎಂದು ಸೈನಿಕರು ಈ ಬಾಗಿಲಿಗೆ ಬರಲು ಸ್ವಲ್ಪ ಹಿಂಜರಿಯುತ್ತಾರೆ. ಸಾವಿತ್ರಿಯ ಹೊತ್ತಿಗೆ ನಾನು ಮನೆಯಲ್ಲಿ ಇರಲಿಲ್ಲ. ಈ ಮನೆಯಲ್ಲಿ ಇರುತ್ತೇನೆ.

ರಾಚಪ್ಪ


ಇಳಕಲ್ಲ
೩೦ ನವೆಂಬರ್ ೧೯೭೭

ರಾಚಪ್ಪನವರಿಗೆ,

ಗೆದ್ದದ್ದು ನಾನೇ. ಕಳಿಸಬೇಡಿರಿ ಎಂದು ನೀವೇ ಬರೆದುಕೊಟ್ಟಿರಿ. ಒಂದು ವರ್ಷದಿಂದ ಇದೇ ಸಾಲು ಬೇಕಿತ್ತು. ಬಂದಾಗ ಓದಿ ಹಾಲು ಕುಡಿದಷ್ಟು ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಈ ಸಲ ಕಾಗದವನ್ನು ಮುಚ್ಚಿಡಲಿಲ್ಲ. ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಂಟು ಒಂಬತ್ತು ವರ್ಷದವಳಿಗೆ ಹೆಣದ ಸುದ್ದಿ ಓದಬೇಕಿತ್ತೇ ಎಂದು ಬೈಯುತ್ತೀರಿ, ಬೈಯಿರಿ. ಅವಳಿಂದ ಇನ್ನೊಂದು ಮಾತು ಬಚ್ಚಿಡುವ ಧೈರ್ಯ ನನಗೆ ಉಳಿದಿಲ್ಲ. ಮೂರು ತಿಂಗಳ ಮೇಲೆ ಅವತ್ತು ಬಾಯಿ ಬಿಟ್ಟಳು.

"ದೊಡ್ಡವ್ವ, ಅಪ್ಪನ್ನೂ ಹಂಗ ಎಳಕೊಂಡು ಹೋದರ ನಾನೂ ದಡಿ ಮ್ಯಾಲ ಮಾಡಿ ಹೊದ್ದಕೋಬೇಕೇನ?"

ಅವಳನ್ನು ಹಿಡಿದುಕೊಂಡು ಅತ್ತೆ. ಅವಳು ಅಳಲಿಲ್ಲ. ನನ್ನ ಬೆನ್ನು ಸವರಿದಳು.

ನೀವು ಬೇರೊಬ್ಬರ ಬಾಗಿಲು ಕಾಯ್ದರೆ ಸಾವಿತ್ರಿ ಎದ್ದು ಬರುವುದಿಲ್ಲ. ಇದನ್ನು ಚುಚ್ಚಲೆಂದೇ ಬರೆಯುತ್ತಿದ್ದೇನೆ. ಆದರೆ ಆ ಹದಿನಾಲ್ಕರ ಹುಡುಗಿಯನ್ನು ಬಿಟ್ಟು ಈಗಲೇ ಓಡಿ ಬನ್ನಿರಿ ಎನ್ನಲು ನನ್ನ ನಾಲಗೆಯೂ ಹೊರಳುವುದಿಲ್ಲ. ಅವಳ ತಂದೆ ಸೆರೆಯಿಂದ ಬರುವವರೆಗೆ ಇರಿ. ಬರಲಿಲ್ಲವಾದರೆ ತಾಯಿ ಮಗಳನ್ನು ಅವರ ಬಳಗದ ಊರಿಗೆ ನೀವೇ ಮುಟ್ಟಿಸಿರಿ. ಆಮೇಲೆ ಒಂದು ದಿನವೂ ಅಲ್ಲಿ ನಿಲ್ಲಬೇಡಿರಿ.

ಜನನ ದಾಖಲೆಯನ್ನು ಮಾದೇವಿಯ ಕೈಗೆ ಕೊಟ್ಟಿದ್ದೇನೆ. ನೀವು ಬಂದ ಮೇಲೆ ಬಾದಾಮಿಗೆ ನಿಮ್ಮ ಜೊತೆ ಹೋಗುತ್ತಾಳೋ ಇಲ್ಲಿ ಇರುತ್ತಾಳೋ ಅವಳೇ ಹೇಳಲಿ. ಹೋಗುತ್ತೇನೆ ಎಂದರೆ ಬಸ್ಸಿನವರೆಗೆ ಬಂದು ಬಿಡುತ್ತೇನೆ.

ನನ್ನನ್ನು ಕ್ಷಮಿಸಬೇಡಿರಿ. ನಾನೂ ನಿಮ್ಮನ್ನು ಕ್ಷಮಿಸಿಲ್ಲ. ಮನೆಗೆ ಬಂದು ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಬೈಯಿರಿ, ನಾನೂ ಬಿಡುವುದಿಲ್ಲ. ಸಿಟ್ಟು ಹೊತ್ತುಕೊಂಡೇ ಬನ್ನಿರಿ, ಆದರೆ ಜೀವಂತ ಬನ್ನಿರಿ.

ಗುರುಲಿಂಗವ್ವ